ಹುರುಳಿ ಹಾಸಿದ ರಸ್ತೆಯಲ್ಲಿ ಎರಡು ಸೀಟಿನ ಕಾರು

ರಾಯಚೂರಿನಲ್ಲಿ ಸ್ಪೋರ್ಟ್ಸ್ ಕಾರಿನ ಬಗ್ಗೆ ಅಭಿಪ್ರಾಯ ಇರುವವರು ಬೇಕಾದಷ್ಟು ಜನ ಇದ್ದಾರೆ. ಸ್ಪೋರ್ಟ್ಸ್ ಕಾರು ಇದ್ದವರು ಮಾತ್ರ, ನನಗೆ ಗೊತ್ತಿದ್ದಂತೆ, ಒಬ್ಬರೇ ಒಬ್ಬರು. ಅವರ ಹತ್ತಿರವೂ ಅದು ಇಪ್ಪತ್ತು ದಿನ ಉಳಿಯಲಿಲ್ಲ. ಯಾಕೆ ಉಳಿಯಲಿಲ್ಲ ಎಂದು ಊರಿಗೆಲ್ಲ ಗೊತ್ತಿರುವ ಒಂದು ಕತೆ ಇದೆ. ಆ ಕತೆ ಸುಳ್ಳು. ಅದನ್ನು ಹುಟ್ಟಿಸಿದವನು ನಾನು.

ಅಭಿಪ್ರಾಯದವರು ಪ್ರತಿ ಭಾನುವಾರ ಬೆಳಿಗ್ಗೆ ಏಳೂವರೆಗೆ ಮಾನ್ವಿ ರಸ್ತೆಯ ಒಂದು ಹೋಟೆಲಿನ ಮುಂದೆ ಸೇರುತ್ತಾರೆ. ಒಂದೊಂದು ಪ್ಲೇಟು ಮಂಡಕ್ಕಿ ಒಗ್ಗರಣೆ, ಮೇಲೆ ಬಿಸಿ ಮಿರ್ಚಿ, ಆಮೇಲೆ ಲೆಕ್ಕವಿಲ್ಲದ ಚಹಾ. ಒಬ್ಬರು ಅಕ್ಕಿ ಗಿರಣಿಯ ಸಾಹುಕಾರರು, ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ರಸ್ತೆ ಗುತ್ತಿಗೆದಾರರು. ಆಗಾಗ ಬಂದು ಹೋಗುವವರು ಇನ್ನೂ ನಾಲ್ಕೈದು ಜನ. ಇವರು ತಮ್ಮನ್ನು ಕಾರ್ ಪ್ರೇಮಿಗಳು ಎಂದು ಕರೆದುಕೊಳ್ಳುತ್ತಾರೆ. ಫೋನಿನಲ್ಲಿ ಅದಕ್ಕೊಂದು ಗುಂಪೂ ಇದೆ, ಅದರಲ್ಲಿ ದಿನಕ್ಕೆ ನೂರು ಕಾರಿನ ಫೋಟೋ ಬೀಳುತ್ತವೆ. ಅದರಲ್ಲಿ ಒಂದೂ ಇವರ ಕಾರಿನದಲ್ಲ.

ಸಾಹುಕಾರರದು ಗಟ್ಟಿ ಸಿದ್ಧಾಂತ. ಕೈಯಿಂದ ಗೇರು ಹಾಕದವನು ಗಾಡಿ ಹೊಡೆದಂತೆಯೇ ಅಲ್ಲ, ಆಟೊಮ್ಯಾಟಿಕ್ ಎಂಬುದು ಕೈಲಾಗದವರಿಗೆ ಮಾಡಿದ್ದು ಎಂದು ಅವರು ಮಿರ್ಚಿ ಮುರಿಯುತ್ತ ತೀರ್ಪು ಕೊಡುತ್ತಾರೆ. ತೀರ್ಪು ನಡೆದಿರುವಾಗ ಅವರ ಡ್ರೈವರು ಹತ್ತು ಹೆಜ್ಜೆ ಆಚೆ, ಅವರ ಎತ್ತರದ ಬಿಳಿ ಗಾಡಿಯಲ್ಲಿ ಸ್ಟೇರಿಂಗಿಗೆ ತಲೆಯಿಟ್ಟು ತೂಕಡಿಸುತ್ತಿರುತ್ತಾನೆ. ಸಾಹುಕಾರರು ಆ ಗಾಡಿಯ ಗೇರನ್ನು ಮುಟ್ಟುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಕುಂಕುಮ ಹಚ್ಚುವಾಗ. ಹಲ್ಲಿನ ಡಾಕ್ಟರಿಗೆ ಜರ್ಮನಿಯ ಯಾವುದೋ ರೇಸಿನ ರಸ್ತೆಯ ಒಂದೊಂದು ತಿರುವೂ ಬಾಯಿಪಾಠ. ಎಲ್ಲಿ ಬ್ರೇಕು ಒತ್ತಬೇಕು, ಎಲ್ಲಿ ಬಿಡಬೇಕು, ಯಾವ ತಿರುವಿನಲ್ಲಿ ಹಿಂದಿನ ಗಾಲಿ ಜಾರುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಇದೇ ಡಾಕ್ಟರು ಗಂಜಿನ ಮಾರುಕಟ್ಟೆಯಲ್ಲಿ ಗಾಡಿ ಹಿಂದಕ್ಕೆ ತೆಗೆಯಬೇಕಾದರೆ ಇಬ್ಬರು ಹಮಾಲರು ನಿಂತು ಬರ್ರಿ, ಬರ್ರಿ, ಸಾಕ್ರಿ ಅನ್ನಬೇಕು. ಇನ್ನು ಗುತ್ತಿಗೆದಾರರು. ಸ್ಪೋರ್ಟ್ಸ್ ಕಾರು ಅಂದರೆ ಅದರ ಸ್ಪ್ರಿಂಗು ಬಿಗಿ ಇರಬೇಕು, ರಸ್ತೆಯ ಪ್ರತಿ ಕಲ್ಲೂ ಕೂತವನ ಬೆನ್ನಿಗೆ ಗೊತ್ತಾಗಬೇಕು ಎನ್ನುತ್ತಾರೆ. ಕಲ್ಲಿನ ಏರ್ಪಾಡನ್ನು ಅವರೇ ಮಾಡಿಟ್ಟಿದ್ದಾರೆ. ಅವರು ಹಾಕಿಸಿದ ಡಾಂಬರು ಎರಡನೆಯ ಮಳೆಗಾಲ ಕಂಡದ್ದಿಲ್ಲ.

ಒಮ್ಮೆ ಇಡೀ ಬೆಳಿಗ್ಗೆ ವಾದ ನಡೆದದ್ದು ಎಂಜಿನ್ ಹಿಂದಿರಬೇಕೋ ನಡುವೆ ಇರಬೇಕೋ ಎಂಬುದರ ಮೇಲೆ. ದನಿ ಎಷ್ಟು ಏರಿತೆಂದರೆ ಹೋಟೆಲಿನವನು ಬಂದು ಏನಾಯ್ತೆಂದು ಕೇಳಿದ. ಎಂಜಿನ್ ಎಲ್ಲಿದ್ದರೆ ಇವರಿಗೇನು? ಇವರಲ್ಲಿ ಒಬ್ಬರೂ ತಮ್ಮ ಗಾಡಿಯ ಬಾನೆಟ್ ಎತ್ತಿದ್ದನ್ನು ನಾನು ನೋಡಿಲ್ಲ. ಇನ್ನೊಮ್ಮೆ ಬ್ಯಾಟರಿ ಕಾರಿನ ಮೇಲೆ ಸಿಟ್ಟು. ಅದು ಎಷ್ಟೇ ಜೋರಾಗಿ ಓಡಲಿ, ಸದ್ದಿಲ್ಲದ ಗಾಡಿಗೆ ಜೀವವಿಲ್ಲ ಎಂದು ಡಾಕ್ಟರು ಮರುಗಿದರು. ಅವರು ಬಾಯಿಂದ ಹನ್ನೆರಡು ಸಿಲಿಂಡರಿನ ಸದ್ದು ಮಾಡಿ ತೋರಿಸಿದರು. ಗೌರವಸ್ಥ ಮನುಷ್ಯ, ಇಬ್ಬರು ಮಕ್ಕಳ ತಂದೆ. ಪಕ್ಕದ ಟೇಬಲ್ಲಿನ ಕೂಸು ಹೆದರಿ ಅತ್ತಿತು.

ಇಂಥವರ ನಡುವೆ ನನಗೇನು ಕೆಲಸ ಎಂದು ನೀವು ಕೇಳಬಹುದು. ನಾನು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ರಾಯಚೂರು–ದೇವದುರ್ಗ, ರಾಯಚೂರು–ಮಾನ್ವಿ–ಪೋತ್ನಾಳ, ಹೀಗೆ ಮೂವತ್ತೊಂದು ವರ್ಷ. ಆ ಮೂವತ್ತೊಂದು ವರ್ಷದಲ್ಲಿ ಒಬ್ಬ ಮನುಷ್ಯನಿಗೂ ಪೆಟ್ಟು ಮಾಡಿಲ್ಲ, ಒಂದು ಎಮ್ಮೆಯನ್ನೂ ಕೆಡವಿಲ್ಲ. ನಾಯಿಗಳ ವಿಷಯದಲ್ಲಿ ಆಣೆ ಮಾಡಲಾರೆ. ನಿವೃತ್ತಿಯಾದ ಮೇಲೆ ಬೆಳಗಿನ ವಾಕಿಂಗಿಗೆ ಆ ಕಡೆ ಹೋಗುತ್ತಿದ್ದೆ. ಒಂದು ದಿನ ಸಾಹುಕಾರರು ಕರೆದು ಕೂರಿಸಿ, ವಾದವೊಂದನ್ನು ಬಿಡಿಸಿರಿ ಎಂದರು. ಬಿಡಿಸಿದೆ. ಅಂದಿನಿಂದ ನಾನು ಅವರ ಪಂಚ. ಎಲ್ಲರೂ ಬಾಯಿ ನೋಯುವಷ್ಟು ಮಾತಾಡಿದ ಮೇಲೆ ನನ್ನ ಕಡೆ ತಿರುಗುತ್ತಾರೆ, ನಾನು ಚಹಾ ಒಂದು ಗುಟುಕು ಕುಡಿದು ಹೇಳುತ್ತೇನೆ, ಅದೇ ಕೊನೆ. ಅವರ ಪೈಕಿ ನಾನೊಬ್ಬನೇ ನಿಜವಾಗಿ ಗಾಡಿ ಓಡಿಸಿದವನು ಎಂಬುದು ಅವರಿಗೂ ಗೊತ್ತಿತ್ತು.

ಅವರನ್ನು ಕಂಡರೆ ನನಗೆ ತಾತ್ಸಾರ. ಆದರೂ ಶನಿವಾರ ಬಂತೆಂದರೆ ನಾಳೆಯ ಅಂಗಿ ಇಸ್ತ್ರಿ ಮಾಡಿಸಿ ಇಡುತ್ತಿದ್ದೆ. ನನ್ನ ಹತ್ತಿರ ಹೊಲವಿಲ್ಲ, ಗಿರಣಿಯಿಲ್ಲ. ರಸ್ತೆಯ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳಾಗುವುದಿಲ್ಲ ಎಂಬ ಒಂದು ಹೆಸರಿತ್ತು, ಅಷ್ಟೆ. ಅದು ಹೋದರೆ ನಾನು ಮಾನ್ವಿ ರಸ್ತೆಯಲ್ಲಿ ಅಡ್ಡಾಡುವ ಇನ್ನೊಬ್ಬ ಮುದುಕ. ಆ ಪ್ಲಾಸ್ಟಿಕ್ ಕುರ್ಚಿ ನನಗೆ ಎಷ್ಟು ಬೇಕಾಗಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಹೋದ ವರ್ಷ ಚಳಿಗಾಲದಲ್ಲಿ, ಒಂದು ಭಾನುವಾರ, ಒಂದು ಕಡುಗೆಂಪು ಕಾರು ಹೋಟೆಲಿನ ಮುಂದೆ ಬಂದು ನಿಂತಿತು. ಎರಡೇ ಸೀಟು, ನನ್ನ ಸೊಂಟದಷ್ಟೂ ಎತ್ತರವಿಲ್ಲ, ಮೇಲಿನ ಟಪ್ಪು ಮಡಚಿ ಹಿಂದಕ್ಕೆ ಹೋಗುವಂಥದು. ಇಳಿದವರು ಗುಂಪಿನವರಿಗೆ ಫೋನಿನಲ್ಲಿ ಮಾತ್ರ ಪರಿಚಯವಿದ್ದ ಒಬ್ಬ ಮಾಸ್ತರರು. ಸರ್ಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು, ವಯಸ್ಸು ನಲವತ್ತರ ಹತ್ತಿರ. ದೇವದುರ್ಗ ತಾಲ್ಲೂಕಿನವರು. ಅವರ ತಂದೆ ತಾಯಿ ಪೋತ್ನಾಳದ ಕಾಲುವೆ ಗದ್ದೆಗಳಲ್ಲಿ ನಾಟಿ ಹಚ್ಚಿ, ಕೂಲಿ ಮಾಡಿ ಇವರನ್ನು ಓದಿಸಿದವರು. ಇದನ್ನೆಲ್ಲ ಅವರೇ, ಕೇಳದಿದ್ದರೂ, ಮೊದಲ ಚಹಾ ಮುಗಿಯುವ ಮುಂಚೆ ಹೇಳಿದರು. ಕಾರು ಹಳೆಯದು, ಹೈದರಾಬಾದಿನಲ್ಲಿ ತೆಗೆದುಕೊಂಡದ್ದು. ಮನೆ ಕಟ್ಟಿಸುವ ಮುಂಚೆ ಕಾರು ತಂದಿದ್ದಕ್ಕೆ ಹೆಂಡತಿ ಮೂರು ದಿನ ಮಾತಾಡಿರಲಿಲ್ಲ, ನಾಲ್ಕನೆಯ ದಿನ ಆಕೆಯೇ ಒಂದು ಸುತ್ತು ಹಾಕಿಸಿ ಎಂದರಂತೆ. ಹೇಳುವಾಗ ಅವರ ಮುಖ ಅರಳಿತ್ತು. ಕಾರ್ ಪ್ರೇಮಿಗಳ ಗುಂಪಿಗೆ ಕೊನೆಗೂ ಒಂದು ಕಾರು ಬಂದಿತ್ತು, ಅವರು ಸಂತೋಷಪಡುತ್ತಾರೆಂದು ಪಾಪ ಈ ಮನುಷ್ಯ ನಂಬಿದ್ದರು.

ಸಾಹುಕಾರರು ಎದ್ದು ಕಾರಿನ ಸುತ್ತ ಒಂದು ಸುತ್ತು ಬಂದರು, ಸಂತೆಯಲ್ಲಿ ಎಮ್ಮೆ ಕೊಳ್ಳುವವರು ಬರುವಂತೆ. ಗೇರು ನೋಡಿ, ಆಟೊಮ್ಯಾಟಿಕ್ಕೇನು ಎಂದು ಮೂಗು ಮುರಿದರು. ಡಾಕ್ಟರು ಸಿಲಿಂಡರು ಎಷ್ಟೆಂದು ಕೇಳಿದರು. ನಾಲ್ಕು ಎಂಬ ಉತ್ತರ ಬಂದಾಗ, ಬಾಯಿ ತೆರೆದ ರೋಗಿಗೆ ಹಲ್ಲು ಕೀಳಲೇಬೇಕು ಎಂದು ಹೇಳುವ ದನಿಯಲ್ಲಿ, ಹಾಗಾದರೆ ಇದು ಸ್ಪೋರ್ಟ್ಸ್ ಕಾರು ಅಲ್ಲ, ಷೋಕಿ ಕಾರು ಎಂದರು. ನೂರರ ವೇಗಕ್ಕೆ ಬರಲು ಆರು ಸೆಕೆಂಡು ಮೀರಿದರೆ ಅದನ್ನು ಆ ಹೆಸರಿನಿಂದ ಕರೆಯಬಾರದಂತೆ. ಅವರ ಸ್ವಂತ ಕಾರು ಎಂದಾದರೂ ನೂರಕ್ಕೆ ಬಂದದ್ದಿದೆಯೋ ಆ ದೇವರಿಗೇ ಗೊತ್ತು. ಗುತ್ತಿಗೆದಾರರು ಗಾಲಿಗೆ ಒಮ್ಮೆ ಒದ್ದು, ಎಷ್ಟು ಕೈ ದಾಟಿ ಬಂದದ್ದು ಎಂದು ಕೇಳಿದರು. ಅಷ್ಟು ದಿನ ನಾಲ್ಕು ಸಿಲಿಂಡರಿನ ಇಂಥದೇ ಕಾರಿನ ಫೋಟೋಗಳಿಗೆ ಹೃದಯದ ಚಿತ್ರ ಕಳಿಸಿದವರು ಇವರೇ. ಅದು ಜರ್ಮನಿಯಲ್ಲಿ ಇರುವವರೆಗೆ ಸ್ಪೋರ್ಟ್ಸ್ ಕಾರು, ಕೂಲಿಯವರ ಮಗನ ಕೈಗೆ ಬಂದಾಗ ಷೋಕಿ ಕಾರು.

ಮಾಸ್ತರರ ಮುಖ ಸಪ್ಪಗಾಯಿತು. ಅವರು ನನ್ನ ಕಡೆ ತಿರುಗಿ, ಕಾಕಾ, ನೀವರ ಒಮ್ಮಿ ಕುಂತು ನೋಡಿ ಹೇಳ್ರಿ ಎಂದರು. ನನ್ನ ಬಗ್ಗೆ ಫೋನಿನ ಗುಂಪಿನಲ್ಲಿ ಓದಿದ್ದರಂತೆ. ಅಲ್ಲಿದ್ದವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ನಾನು ಅವರಿಗೆ ಬೇಕಾದ್ದನ್ನೇ ಕೊಟ್ಟೆ. ಇದರೊಳಗೆ ಕೂರಬೇಕಾದರೆ ಮೊಣಕಾಲು ಬಿಚ್ಚಿ ಮನೆಯಲ್ಲಿಟ್ಟು ಬರಬೇಕು ಎಂದೆ. ನಮ್ಮೂರ ರಸ್ತೆಯ ಹಂಪುಗಳನ್ನು ಇದು ದಾಟುವುದಿಲ್ಲ, ಕೃಷ್ಣೆಯ ದಡದ ಗೂಗಲ್ ಊರಿಗೆ ಹೋಗಿ ಅಲ್ಲಮಪ್ರಭುವಿಗೆ ಕೈಮುಗಿದು ಬರಲಾಗದ ಗಾಡಿಯನ್ನು ನಾನು ಗಾಡಿ ಎನ್ನುವುದಿಲ್ಲ ಎಂದೂ ಸೇರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರರೂ ನಕ್ಕರು. ನಕ್ಕು, ಹಾಗಾದರೆ ಮುಂದಿನ ಭಾನುವಾರ ಗೂಗಲ್‌ಗೇ ಹೋಗೋಣ, ನೀವು ನನ್ನ ಪಕ್ಕದಲ್ಲಿ ಕೂತುಕೊಳ್ಳಿರಿ, ಬಂದ ಮೇಲೆ ಎಲ್ಲರ ಮುಂದೆ ಹೇಳಿರಿ ಎಂದರು. ಗಾಡಿ ಹೇಗಿದೆ, ನಾನು ಹೇಗೆ ಓಡಿಸುತ್ತೇನೆ, ಎರಡನ್ನೂ ಹೇಳಿರಿ. ನೀವು ಹೇಳಿದ್ದೇ ಕೊನೆ.

ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಈ ಬುರುಡೆ ಜನರ ನಡುವೆ ಒಂದು ಕುರ್ಚಿ. ಇಷ್ಟು ಓದಿದ ಮನುಷ್ಯನಿಗೆ ಅದು ಯಾಕೆ ಬೇಕಿತ್ತೋ ನನಗೆ ತಿಳಿಯದು, ನನಗೆ ಯಾಕೆ ಬೇಕಿತ್ತು ಎಂಬುದು ತಿಳಿಯದ ಹಾಗೆ.

ಮುಂದಿನ ಭಾನುವಾರ ಹೊರಟೆವು. ಸಾಹುಕಾರರು, ಡಾಕ್ಟರು, ಗುತ್ತಿಗೆದಾರರು ಬಿಳಿ ಗಾಡಿಯಲ್ಲಿ ಹಿಂದೆ ಬರುವುದೆಂದು ಮಾತಾಗಿತ್ತು. ಒಗ್ಗರಣೆ ಮುಗಿದಿರಲಿಲ್ಲವಾದ್ದರಿಂದ, ನೀವು ಮುಂದೆ ನಡೆಯಿರಿ, ನಿಮ್ಮನ್ನು ಹಂಪಿನ ಮೇಲೆಯೇ ಹಿಡಿಯುತ್ತೇವೆ ಎಂದು ಅಲ್ಲಿಂದಲೇ ಕೂಗಿದರು.

ಆ ಮೂವತ್ತೊಂದು ವರ್ಷದಲ್ಲಿ ನಾನು ಪಕ್ಕದಲ್ಲಿ ಕೂತು ಎಷ್ಟೋ ಹೊಸ ಡ್ರೈವರುಗಳನ್ನು ನೋಡಿದ್ದೇನೆ. ಮೊದಲ ಎರಡು ಮೈಲಿಯಲ್ಲಿ ಕೈ ಗೊತ್ತಾಗುತ್ತದೆ. ಈ ಮಾಸ್ತರರು ಊರು ದಾಟುವವರೆಗೆ ಒಮ್ಮೆಯೂ ಹಾರ್ನ್ ಮುಟ್ಟಲಿಲ್ಲ. ಹಂಪು ಬಂದರೆ ಗಾಡಿಯನ್ನು ಓರೆ ಮಾಡಿ, ಒಂದೊಂದೇ ಗಾಲಿ ಹತ್ತಿಸಿ, ಒಂದೊಂದೇ ಗಾಲಿ ಇಳಿಸಿದರು, ಎಲ್ಲಿಯೂ ಹೊಟ್ಟೆ ತಾಗಲಿಲ್ಲ. ಕುರಿ ಹಿಂಡು ಅಡ್ಡ ಬಂದಾಗ ದೂರದಿಂದಲೇ ಆಕ್ಸಿಲರೇಟರಿನಿಂದ ಕಾಲು ತೆಗೆದರು, ಕೊನೆಯ ಕುರಿ ದಾಟುವುದಕ್ಕೂ ನಾವು ಅಲ್ಲಿಗೆ ಮುಟ್ಟುವುದಕ್ಕೂ ಸರಿಹೋಯಿತು. ಬ್ರೇಕು ಬೇಕಾಗಲೇ ಇಲ್ಲ. ಜೋರಾಗಿ ಓಡಿಸುವುದೇ ದೊಡ್ಡ ವಿದ್ಯೆ ಎಂದುಕೊಂಡವರಿಗೆ ಇದು ಕಾಣುವುದಿಲ್ಲ. ಡಾಕ್ಟರ ಜರ್ಮನಿಯ ರಸ್ತೆಯಲ್ಲಿ ಕುರಿಗಳಿಲ್ಲ.

ಗಬ್ಬೂರು ದಾಟಿದ ಮೇಲೆ ರಸ್ತೆ ನೆಟ್ಟಗಾಗಿ, ಎರಡೂ ಕಡೆ ಹತ್ತಿ ಹೊಲ, ಮುಂದೆ ಒಂದು ಗಾಡಿಯೂ ಇಲ್ಲ. ಮಾಸ್ತರರು ಒಮ್ಮೆ ಕನ್ನಡಿ ನೋಡಿ, ಹಿಡ್ಕೊರಿ ಕಾಕಾ ಎಂದು ಕಾಲು ಒತ್ತಿದರು. ನನ್ನ ಹೊಟ್ಟೆ ಗಬ್ಬೂರಿನಲ್ಲೇ ಉಳಿಯಿತು. ಗಾಳಿ ಕಿವಿ ತುಂಬಿ, ಬೆನ್ನು ಸೀಟಿಗೆ ಅಂಟಿ, ಅರವತ್ತು ದಾಟಿದ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಬಸ್ಸಿನಲ್ಲಿ ನನ್ನ ಕಾಲ ಕೆಳಗೆ ಯಾವತ್ತೂ ಇರದಿದ್ದ ಕಸುವು ಅದು. ತಿರುವು ಬಂದಾಗ ಅವರು ಮೊದಲೇ ವೇಗ ಇಳಿಸಿ, ತಿರುವಿನ ನಡುವೆ ಮತ್ತೆ ಸಣ್ಣಗೆ ಏರಿಸಿದರು, ಗಾಡಿ ರಸ್ತೆಗೆ ಅಂಟಿಕೊಂಡೇ ಹೊರಳಿತು. ಯಾಕೆ ಹಾಗೆ ಮಾಡುತ್ತೀರೆಂದು ಕೇಳಿದೆ. ಬ್ರೇಕು ಒತ್ತಿದಾಗ ಭಾರ ಮುಂದಿನ ಗಾಲಿಗೆ ಬರುತ್ತದೆ, ಎಂಜಿನ್ ಎಳೆದಾಗ ಹಿಂದಿನ ಗಾಲಿಗೆ ಹೋಗುತ್ತದೆ, ಆ ಭಾರವನ್ನು ಚೆಲ್ಲದಂತೆ ಹಿಂದೆ ಮುಂದೆ ಸರಿಸುವುದೇ ಒಳ್ಳೆಯ ಓಡಿಕೆ ಎಂದು ಹೇಳಿದರು. ಇದನ್ನೇ ನಾನು ತುಂಬಿದ ಬಸ್ಸಿನಲ್ಲಿ, ನಿಂತ ಜನ ಬೀಳದ ಹಾಗೆ, ಮೂವತ್ತೊಂದು ವರ್ಷ ಪಾದದಿಂದ ಮಾಡಿದ್ದೆ. ಅದಕ್ಕೊಂದು ಶಾಸ್ತ್ರವಿದೆ ಎಂದು ನನಗೆ ಆವರೆಗೆ ಯಾರೂ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಗಾಳಿಗೆ ಎಂದು ಒರೆಸಿಕೊಂಡೆ.

ಆಗಲೇ ಹೇಳಿಬಿಡಬೇಕಿತ್ತು. ಮಾಸ್ತರ, ನಿಮ್ಮಂಥ ಕೈ ನಾನು ನೋಡಿಲ್ಲ ಎಂದು ಒಂದು ಮಾತು. ನಾನು ಹೇಳಲಿಲ್ಲ. ಹೋಟೆಲಿನ ಮುಂದೆ, ಎಲ್ಲರೂ ನನ್ನ ಬಾಯಿ ನೋಡುವಾಗ ಹೇಳಿದರೆ ತೂಕ ಎಂದು ಇಟ್ಟುಕೊಂಡೆ.

ಗೂಗಲ್ ಕಡೆಗೆ ಹೊರಳಿ ಸ್ವಲ್ಪ ದೂರ ಹೋದ ಮೇಲೆ ರಸ್ತೆಯ ತುಂಬ ಹುರುಳಿ ಹಾಸಿದ್ದರು. ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಳ್ಳಿಸಮೇತ ಕಿತ್ತು ಒಣಗಿಸಿದ ಹುರುಳಿಯನ್ನು ಡಾಂಬರಿನ ಮೇಲೆ ಮೊಣಕಾಲೆತ್ತರ ಹರವುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ಅದರ ಮೇಲೆ ಓಡಾಡಿ ಕಾಯಿ ಒಡೆದು ಕಾಳು ಬೇರೆಯಾಗುತ್ತದೆ. ಕಣವೂ ಬೇಡ, ಯಂತ್ರವೂ ಬೇಡ. ತಪ್ಪು ಎಂದು ಅಧಿಕಾರಿಗಳು ಹೇಳುತ್ತಾರೆ, ಪ್ರತಿ ವರ್ಷ ಹೇಳುತ್ತಾರೆ, ಪ್ರತಿ ವರ್ಷ ಹಾಸುತ್ತಾರೆ. ಆ ದಿನಗಳಲ್ಲಿ ನಾನು ಬಸ್ಸು ತಂದರೆ ಹೆಂಗಸರು ಪಕ್ಕಕ್ಕೆ ಸರಿದು ನಿಂತು, ಇನ್ನೊಮ್ಮೆ ಹೊಡಿ ಯಪ್ಪಾ ಎನ್ನುತ್ತಿದ್ದರು. ಪುರುಸೊತ್ತಿದ್ದರೆ ಹಿಂದೆ ಮುಂದೆ ಎರಡು ಸಲ ಹಾಯಿಸಿ ಕೊಡುತ್ತಿದ್ದೆ. ಇಡೀ ತಾಲ್ಲೂಕಿನ ಹುರುಳಿ ನನ್ನ ಗಾಲಿಯ ಕೆಳಗೆ ಕಾಳಾಗಿದೆ ಎಂಬ ಹೆಮ್ಮೆ ನನಗೆ.

ಮಾಸ್ತರರು ಗಾಡಿ ನಿಲ್ಲಿಸಿದರು. ಇಳಿದು, ಬಗ್ಗಿ ನೋಡಿದರು. ಪಕ್ಕದ ಮಣ್ಣಿನಲ್ಲಿ ಹಾಯುವಷ್ಟು ಜಾಗವಿರಲಿಲ್ಲ.

"ಕಾಕಾ, ಗಾಡಿ ಭಾಳ ತಗ್ಗದ. ಕೆಳಗ ಸೈಲೆನ್ಸರ್ ಕಾಯ್ದು ಕೆಂಪಾಗ್ಯದ. ಬಳ್ಳಿ ಸಿಗಬಿತ್ತಂದ್ರ ಕಷ್ಟ. ಹೊಳ್ಳಿ ಹೋಗೂಣೇನ್ರಿ?"

ಹೊರಳಿದರೆ ಗೂಗಲ್ ಮುಟ್ಟಲಿಲ್ಲ ಎಂದಾಗುತ್ತದೆ, ಹಿಂದಿನವರು ಬಂದು ನಗುತ್ತಾರೆ ಎಂಬುದು ಅವರ ಮುಖದಲ್ಲೇ ಇತ್ತು. ಆದರೂ ಕೇಳಿದರು. ಗೊತ್ತಿದ್ದವನನ್ನು ಕೇಳುತ್ತಿದ್ದೇನೆ ಎಂಬ ನಂಬಿಕೆಯಿಂದ ಕೇಳಿದರು. ನನಗೆ ಅದೇ ತಲೆಗೇರಿತು. ಭಾರದ ಶಾಸ್ತ್ರ ಹೇಳಿಕೊಟ್ಟವರಿಗೆ ನಾನೂ ಒಂದು ಹೇಳಿಕೊಡಬೇಕಲ್ಲ.

"ಮಾಸ್ತರಿಕಿ ಕಾಲೇಜಿನ್ಯಾಗ ಇರ್ಲಿ. ಮೂವತ್ತೊಂದು ವರ್ಷ ಇದರ ಮ್ಯಾಲೇ ಹೊಡದೀನಿ. ಗಾಲಿ ಬರ್ಲಿ ಅಂತನ ಹಾಸ್ತಾರ. ನಡೀರಿ."

ಅವರು ಇನ್ನೊಮ್ಮೆ ಬಗ್ಗಿ ನೋಡಿ, ಬಂದು ಕೂತು, ಗಾಡಿ ಹತ್ತಿಸಿದರು. ಆ ತುದಿಯಲ್ಲಿ ಕೋಲು ಹಿಡಿದ ಒಬ್ಬ ಮುದುಕಿ ಕೈ ಬೀಸುತ್ತಿದ್ದಳು. ನಾನೂ, ಬಸ್ಸಿನ ಕಿಟಕಿಯಿಂದ ಮಾಡುತ್ತಿದ್ದಂತೆ, ಗತ್ತಿನಿಂದ ಕೈ ಎತ್ತಿದೆ. ಅವಳು ಬೇಡ ಬೇಡ ಎಂದು ಬೀಸುತ್ತಿದ್ದಾಳೆ ಎಂಬುದು ಹತ್ತಿರ ಹೋದಾಗ ತಿಳಿಯಿತು. ಗಾಡಿಯ ಕೆಳಗೆ ಬಳ್ಳಿ ತುರುಕಿಕೊಂಡು ಬರಬರ ಎನ್ನುತ್ತಿತ್ತು, ಗಾಲಿ ಭಾರವಾಗಿ ತಿರುಗುತ್ತಿದ್ದವು. ಮುದುಕಿಯನ್ನು ದಾಟಿ ನಾಲ್ಕು ಮಾರು ಹೋಗುವುದರೊಳಗೆ ಸುಟ್ಟ ಹೊಟ್ಟಿನ ವಾಸನೆ ಬಂತು. ನನ್ನ ಕಾಲ ಹತ್ತಿರ ಹೊಗೆ.

ಮಾಸ್ತರರು ಹುರುಳಿಯಿಂದ ಆಚೆ, ಖಾಲಿ ರಸ್ತೆಗೆ ಗಾಡಿ ಒಯ್ದು ನಿಲ್ಲಿಸಿದರು. ಅಷ್ಟು ಹೊತ್ತಿನಲ್ಲಿಯೂ ಆ ಮುದುಕಿಯ ಬೆಳೆಗೆ ಕಿಡಿ ತಾಗಬಾರದು ಎಂದು ಯೋಚಿಸಿದ ಮನುಷ್ಯ ಅವರು. ನನಗೆ ಆ ತಗ್ಗಿನ ಸೀಟಿನಿಂದ ಏಳಲಾಗಲಿಲ್ಲ. ಅವರು ಸುತ್ತು ಹಾಕಿ ಬಂದು, ಎರಡೂ ಕಂಕುಳಿಗೆ ಕೈ ಕೊಟ್ಟು ಮಗುವನ್ನು ಎತ್ತುವಂತೆ ನನ್ನನ್ನು ಎಳೆದು ಹೊರಹಾಕಿದರು. ಆಮೇಲೆ ಮಣ್ಣು ತೂರಿದರು, ತಮ್ಮ ಅಂಗಿ ಬಿಚ್ಚಿ ಬಡಿದರು, ಮುದುಕಿ ತನ್ನ ಕುಡಿಯುವ ನೀರಿನ ಕೊಡ ತಂದು ಸುರಿದಳು. ಬೆಂಕಿ ಕೆಳಗಿನಿಂದ ಮೇಲೆ ಬಂದು ಸೀಟು ಹಿಡಿಯಿತು. ಕೊಡದ ನೀರಿನಿಂದ ಏನಾಗುತ್ತದೆ? ನಾವು ಮೂವರೂ ದೂರ ಸರಿದು ನಿಂತು, ಅದು ಉರಿಯುವುದನ್ನು ನೋಡಿದೆವು. ಮಾಸ್ತರರ ಮುಂಗೈ ಸುಟ್ಟು ಬೊಬ್ಬೆ ಎದ್ದಿತ್ತು.

ಮುದುಕಿಗೆ ಸಿಟ್ಟು ತಡೆಯಲಿಲ್ಲ.

"ಬಸ್ಸಿನ ಹೊಟ್ಟಿ ಮ್ಯಾಲಿರ್ತದ, ನಡೀತದ. ಇದು ನೆಲಕ್ಕ ಹತ್ತಿ ಹೊಂಟದ. ಸಣ್ಣ ಕೂಸಿಗೂ ತಿಳೀತದ ಇದು. ಯಾವ ಶಾಣ್ಯಾ ಹೇಳಿದ ನಿಮಗ, ಇದರ ಮ್ಯಾಲ ಹೊಡೀರಿ ಅಂತ?"

ಆ ಶಾಣ್ಯಾ ಅವಳ ಎದುರಿಗೇ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಮಾಸ್ತರರು ನನ್ನ ಕಡೆ ನೋಡಲೂ ಇಲ್ಲ. ಯಾರೂ ಇಲ್ಲ ಬಿಡು ಯವ್ವಾ, ನಂದೇ ಬುದ್ಧಿಗೇಡಿತನ ಎಂದರು.

ಆ ಹೊತ್ತಿಗೆ ಬಿಳಿ ಗಾಡಿ ಬಂತು. ಹುರುಳಿಯ ಆಚೆಯ ತುದಿಯಲ್ಲಿ ನಿಂತಿತು, ಡ್ರೈವರು ಅದರ ಮೇಲೆ ಹತ್ತಿಸಲಿಲ್ಲ. ಮೂವರೂ ಇಳಿದು ನಡೆದುಕೊಂಡು ಬಂದರು. ಡಾಕ್ಟರು ಮೊದಲು ಮಾಡಿದ ಕೆಲಸ ಫೋನು ತೆಗೆದು ವಿಡಿಯೋ ಮಾಡಿದ್ದು. ಸುಟ್ಟ ಕೈಯನ್ನು ಅವರು ನೋಡಲಿಲ್ಲ, ಡಾಕ್ಟರಾಗಿಯೂ. ಗುತ್ತಿಗೆದಾರರು, ಹಳೆ ಗಾಡಿ ಅಂದರೆ ಹೀಗೇ, ವೈರಿಂಗು ಸರಿ ಇರುವುದಿಲ್ಲ ಎಂದು ದೂರದಿಂದಲೇ ಕಾರಣ ಕಂಡುಹಿಡಿದರು. ಸಾಹುಕಾರರು ಹುರುಳಿಯನ್ನೂ ಕಾರನ್ನೂ ನೋಡಿ, ನಿಧಾನವಾಗಿ ಮಾಸ್ತರರ ಮುಂದೆ ಬಂದು ನಿಂತರು.

"ಅಲ್ರಿ ಮಾಸ್ತರ, ಹುರುಳಿ ಬಳ್ಳಿ ಅಂದ್ರ ಏನಂತ ನಮಗಿಂತ ನಿಮ್ಮ ಮನಿತನಕ್ಕ ಚಲೋ ಗೊತ್ತಿರ್ಬೇಕಲ್ರಿ."

ನಿಮ್ಮ ಮನಿತನ ಎಂದದ್ದು ಏನೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಸಾಹುಕಾರರು ನನ್ನ ಕಡೆ ತಿರುಗಿ, ಕಾಕಾ, ನೀವರ ಒಂದು ಮಾತು ಹೇಳಬಾರದಿತ್ತೇನ್ರಿ ಎಂದು ಕೇಳಿದರು.

ನಾನೇ ಹೊಡೆಯಲು ಹೇಳಿದೆ ಎನ್ನಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ನನಗೆ ಸಿಕ್ಕಿತ್ತು. ಮುದುಕಿ, ಮಾಸ್ತರರು, ಡಾಕ್ಟರ ಕೈಯಲ್ಲಿ ಇನ್ನೂ ನಡೆಯುತ್ತಿದ್ದ ಫೋನು, ಎಲ್ಲವೂ ನನ್ನ ಕಡೆ ತಿರುಗಿದ್ದವು. ನನ್ನ ಬಾಯಿಂದ ಬಂದದ್ದು ಇದು:

"ಹೇಳ್ದೆ ಸಾವ್ಕಾರ್ರ, ಬ್ಯಾಡ ಅಂತ. ಕೇಳ್ಬೇಕಲ್ಲ ಅವ್ರು."

ಮಾಸ್ತರರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಒಬ್ಬ ವಿದ್ಯಾರ್ಥಿ ಸುಲಭದ ಲೆಕ್ಕ ತಪ್ಪು ಮಾಡಿದಾಗ ನೋಡುತ್ತಾರಲ್ಲ, ಹಾಗೆ. ಆಮೇಲೆ, ಹೌದ್ರಿ, ತಪ್ಪು ನಂದೇ ಎಂದು ಹೇಳಿ ಬೊಬ್ಬೆ ಎದ್ದ ಕೈ ಊದಿಕೊಂಡರು.

ಬಿಳಿ ಗಾಡಿಯಲ್ಲಿ ಅವರನ್ನೂ ಕೂರಿಸಿಕೊಂಡು ಹೋಗುತ್ತೇವೆ ಎಂದರು ಸಾಹುಕಾರರು. ಅವರು ಬರಲಿಲ್ಲ. ಪೊಲೀಸರು ಬರುವವರೆಗೆ ಇಲ್ಲೇ ಇರುತ್ತೇನೆ ಎಂದು ಮುದುಕಿಯ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತರು. ನಾನು ಬಿಳಿ ಗಾಡಿ ಹತ್ತಿದೆ. ತಣ್ಣನೆಯ ಗಾಳಿ ಬರುವ, ಎತ್ತರದ ಸೀಟು.

ಆಮೇಲಿನ ಭಾನುವಾರಗಳಲ್ಲಿ ನನ್ನ ಬೆಲೆ ಏರಿತು. ಕಾಕಾ ಬೇಡ ಎಂದರು, ಕೇಳದೆ ಕಾರು ಸುಟ್ಟುಕೊಂಡ ಎಂಬ ಕತೆ ಮಾನ್ವಿಗೆ ಹೋಯಿತು, ದೇವದುರ್ಗಕ್ಕೆ ಹೋಯಿತು. ಹೊಸದಾಗಿ ಗುಂಪಿಗೆ ಬಂದವರಿಗೆ ಮೊದಲು ವಿಡಿಯೋ, ಆಮೇಲೆ ನನ್ನ ಪರಿಚಯ. ಸಾಹುಕಾರರಿಗೆ ಹೊಸ ಸಿದ್ಧಾಂತ ಸಿಕ್ಕಿತ್ತು. ದುಡ್ಡು ಕೂಡಿಸಿ ಸ್ಪೋರ್ಟ್ಸ್ ಕಾರು ಯಾರಾದರೂ ತರಬಹುದು, ಅದನ್ನು ಹೊಡೆಯುವ ಕೈ ರಕ್ತದಲ್ಲಿ ಬರಬೇಕು. ಬಾಡಿಗೆಯ ಕೈಯಿಂದ ಗಾಡಿ ಹೊಡೆಸುವ ಮನುಷ್ಯ ಇದನ್ನು ಹೇಳಿದಾಗ ಉಳಿದವರು ತಲೆದೂಗಿದರು. ನಾನು ಮಿರ್ಚಿ ತಿನ್ನುತ್ತಿದ್ದೆ.

ಎರಡು ತಿಂಗಳ ಮೇಲೆ ಬಸ್ ನಿಲ್ದಾಣದಲ್ಲಿ ಮಾಸ್ತರರು ಸಿಕ್ಕರು. ತಂದೆ ತಾಯಿಯನ್ನು ನೋಡಲು ದೇವದುರ್ಗದ ಬಸ್ಸಿಗೆ ನಿಂತಿದ್ದರು. ಕೈಯ ಮೇಲೆ ನುಣ್ಣಗೆ ಹೊಳೆಯುವ ಕಲೆ. ನಮಸ್ಕಾರ ಕಾಕಾ, ಆರಾಮದೀರಿ? ಎಂದು ಅವರೇ ಮೊದಲು ಮಾತಾಡಿಸಿದರು. ನಾನು ತಡವರಿಸಿ, ಅವತ್ತು ಹೇಳಬೇಕೆಂದು ಇಟ್ಟುಕೊಂಡಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಹಂಪು ದಾಟಿಸಿದ್ದು, ಕುರಿ ಹಿಂಡು, ಆ ತಿರುವು. ನನ್ನ ಜೀವನದಲ್ಲಿ ಅಂಥ ಕೈ ನೋಡಿಲ್ಲ, ನನಗಿಂತ ಮೇಲು ಎಂದೆ. ತಪ್ಪು ನನ್ನದು ಎಂದೂ ಹೇಳಿದೆ. ಅವರು ಪೂರ್ತಿ ಕೇಳಿದರು. ಬಸ್ಸು ಬಂದು ಜನ ನುಗ್ಗತೊಡಗಿದರು.

"ಇದನ್ನ ನನಗ್ಯಾಕ ಹೇಳ್ತೀರಿ ಕಾಕಾ? ನನಗ ಗೊತ್ತದ. ಅಲ್ಲಿ ಹೇಳ್ರಿ."

ಇಷ್ಟು ಹೇಳಿ ಅವರು ಬಸ್ಸು ಹತ್ತಿದರು.

ಆ ಭಾನುವಾರ ಹೇಳಲೆಂದೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ನಾನು ಬಾಯಿ ತೆರೆಯುವ ಕಷ್ಟವನ್ನೂ ಸಾಹುಕಾರರು ತಪ್ಪಿಸಿದರು. ಚಹಾ ಬರುತ್ತಿದ್ದಂತೆ ಅವರೇ ಕೇಳಿದರು: ಕಾಕಾ, ಖರೇ ಹೇಳ್ರಿ, ಆ ಮಾಸ್ತರಗ ಗಾಡಿ ಹೊಡಿಯಾಕ ಬರ್ತಿತ್ತೇನು? ನೀವು ಬಾಜೂಕ ಕುಂತಿದ್ರಿ.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಚಹಾ ಒಂದು ಗುಟುಕು ಕುಡಿದೆ. ಏನೋ ಹೊಡೀತಿದ್ರು ಬಿಡ್ರಿ ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹೇಳಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ. ಆ ಹೋಟೆಲಿನ ಮುಂದೆ ಕೂರುವವರಲ್ಲಿ ಒಬ್ಬರೂ ಪುಸ್ತಕ ಓದುವುದಿಲ್ಲ. ಅಷ್ಟು ಖಾತ್ರಿ ಇರುವುದರಿಂದಲೇ ನನಗೆ ಇದನ್ನು ಬರೆಯುವ ಧೈರ್ಯ ಬಂದದ್ದು. ನಾಳೆ ಭಾನುವಾರ, ಅಂಗಿ ಇಸ್ತ್ರಿಯಾಗಿ ಬಂದಿದೆ.